ಕಾಸ್ಟೆಲ್ ಡೆಲ್ ಮಾಂಟೆ: ಕಂದಕವಿಲ್ಲದ ಕೋಟೆ

ಇಟಲಿಯಲ್ಲಿ ಅಚ್ಚಾದ 1 ಸೆಂಟ್ ಯೂರೋ ನಾಣ್ಯ ಕೈಗೆ ಸಿಕ್ಕರೆ ತಿರುಗಿಸಿ ನೋಡಿ, ಅದರ ಮೇಲಿರುವುದು ಇದೇ ಕೋಟೆ. ದಕ್ಷಿಣ ಇಟಲಿಯ ಪುಲಿಯಾದಲ್ಲಿ, ಆಂಡ್ರಿಯಾ ಊರಿನ ಹತ್ತಿರ, ಸುಮಾರು 540 ಮೀಟರ್ ಎತ್ತರದ ಗುಡ್ಡದ ಮೇಲಿದೆ. ಕಟ್ಟಿಸಿದ್ದು ಎರಡನೇ ಫ್ರೆಡರಿಕ್. ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ, ಸಿಸಿಲಿಗೂ ಅವನೇ ರಾಜ.

ಮೊದಲು ಆಕಾರ ತಲೆಯಲ್ಲಿ ಕೂರಿಸಿಕೊಳ್ಳಿ. ಹಾಳೆ ಮೇಲೆ ಎಂಟು ಮೂಲೆಯ ಆಕೃತಿ ಬರೆಯಿರಿ. ನಡುವೆ ಎಂಟು ಮೂಲೆಯದೇ ತೊಟ್ಟಿಯಂಗಳ. ಒಂದೊಂದು ಮೂಲೆಗೂ ಒಂದು ಬುರುಜು, ಅದಕ್ಕೂ ಎಂಟು ಮೂಲೆ! ಎರಡು ಅಂತಸ್ತು, ಒಂದೊಂದರಲ್ಲಿ ಎಂಟು ಕೋಣೆ, ಒಟ್ಟು 16. ಈ ಎಂಟರ ಹಿಂದೆ ಏನೋ ಗುಟ್ಟಿದೆ ಅಂತ ಗ್ರಹ, ನಕ್ಷತ್ರ ಎಲ್ಲ ಎಳೆದು ತಂದು ಬರೆದವರು ಬೇಕಾದಷ್ಟು ಜನ. ನನಗೆ ಅದಕ್ಕಿಂತ ಅಲ್ಲಿನ ಪಾಯಿಖಾನೆಗಳೇ ಜಾಸ್ತಿ ಇಷ್ಟ.

ಸುಮ್ನೆ ಹೇಳ್ತಿಲ್ಲ. ಮಾಡಿನ ಮೇಲೆ ಬಿದ್ದ ಮಳೆನೀರು ಕೆಲವು ಬುರುಜುಗಳ ತಲೆಯಲ್ಲಿರುವ ತೊಟ್ಟಿಗಳಲ್ಲಿ ನಿಲ್ಲುತ್ತಿತ್ತು, ಕೆಳಗಿನ ಪಾಯಿಖಾನೆ ತೊಳೆಯಲು ಅದೇ ನೀರು. ತೊಟ್ಟಿಯಂಗಳದ ನೆಲದಡಿಯಲ್ಲೂ ನೀರು ತುಂಬಿಡಲು ಜಾಗವಿತ್ತು. 13ನೇ ಶತಮಾನದಲ್ಲಿ ಇಷ್ಟು ಅನುಕೂಲ ಮಾಡಿಕೊಂಡವನು ಕಂದಕ ಮಾತ್ರ ತೋಡಿಸಲಿಲ್ಲ, ಎತ್ತುವ ಸೇತುವೆಯನ್ನೂ ಇಡಲಿಲ್ಲ. ಹಾಗಂತ 'ಇದು ಕೋಟೆಯೇ ಅಲ್ಲ, ಬರೀ ಬೇಟೆಮನೆ' ಅಂತ ಪರೀಕ್ಷೆಯಲ್ಲಿ ಬರೆದುಬಿಡಬೇಡಿ. ದೊಡ್ಡ ಬಾಗಿಲಲ್ಲಿ ಮೇಲಿಂದ ಇಳಿಬಿಡುವ ಜಾಲರಿ ಕದಕ್ಕೆ ಕೊರೆದ ಜಾಡಿದೆ, ಬುರುಜುಗಳಲ್ಲಿ ಕಿರಿದಾದ ಬಾಣದ ಕಂಡಿಗಳಿವೆ. ಬೇಟೆಯ ಮಾತು ಬರುವುದಕ್ಕೂ ಕಾರಣವಿದೆ ಅನ್ನಿ, ಗಿಡುಗ ಬಿಟ್ಟು ಬೇಟೆಯಾಡುವುದರ ಬಗ್ಗೆ ಫ್ರೆಡರಿಕ್ ಪುಸ್ತಕವನ್ನೇ ಬರೆದವನು.

ತಾರೀಖು ಒಂದೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: 1240ರ ಜನವರಿ 29. ಸಾಂತಾ ಮರಿಯಾ ದೆಲ್ ಮಾಂಟೆಯಲ್ಲಿ, ಅಂದರೆ ಇದೇ ಜಾಗದಲ್ಲಿ, ಕಟ್ಟಬೇಕೆಂದಿರುವ ಕೋಟೆಗೆ ಸಾಮಾನು ಒದಗಿಸು ಅಂತ ಚಕ್ರವರ್ತಿ ತನ್ನ ಅಧಿಕಾರಿಯೊಬ್ಬನಿಗೆ ಬರೆಸಿದ ಲ್ಯಾಟಿನ್ ಪತ್ರದ ದಿನ ಅದು. ಆ ಪತ್ರದಲ್ಲಿ 'ಆಕ್ಟ್ರಾಕ್ಟಸ್' ಅಂತ ಒಂದು ಪದ ಬರುತ್ತದೆ. ಅದು ಕಟ್ಟಡ ಶುರುಮಾಡುವ ಸಿದ್ಧತೆಯೋ, ಕೆಲಸ ಮುಗಿಯುತ್ತಾ ಬಂದಾಗ ಹಾಸುವ ನೆಲವೋ ಅಂತ ವಿದ್ವಾಂಸರು ಇನ್ನೂ ಕಚ್ಚಾಡುತ್ತಿದ್ದಾರೆ. ಒಂದು ಪದ ಹೇಗೆ ಓದುತ್ತೀರಿ ಅನ್ನುವುದರ ಮೇಲೆ ಕೋಟೆಯ ವಯಸ್ಸೇ ಹಿಂದೆಮುಂದೆ ಆಗುತ್ತದೆ, ನೋಡಿ.

1250ರಲ್ಲಿ ಫ್ರೆಡರಿಕ್ ತೀರಿಕೊಂಡ. 1266ರಲ್ಲಿ ಬೆನೆವೆಂಟೊ ಯುದ್ಧದಲ್ಲಿ ಮಗ ಮಾನ್‌ಫ್ರೆಡ್ ಸತ್ತ, ರಾಜ್ಯ ಅಂಜೂ ಮನೆತನದ ಚಾರ್ಲ್ಸ್ ಪಾಲಾಯಿತು. ಅವನು ಮಾನ್‌ಫ್ರೆಡ್‌ನ ಪುಟ್ಟ ಗಂಡುಮಕ್ಕಳನ್ನು ಕೂಡಿಹಾಕಿದ್ದು ಎಲ್ಲಿ ಗೊತ್ತಾ? ಇಲ್ಲೇ, ಅಜ್ಜ ಕಟ್ಟಿಸಿದ ಗೋಡೆಗಳೊಳಗೆ. ಹೊರಗಿನವರನ್ನು ತಡೆಯಲು ಅಷ್ಟೇನೂ ತಯಾರಿಲ್ಲದ ಕೋಟೆ ಒಳಗಿನವರನ್ನು ಹಿಡಿದಿಡಲು ಚೆನ್ನಾಗಿಯೇ ಒದಗಿತು.

ಆಮೇಲೆ ಕೈ ಬದಲಾಗುತ್ತಾ 1552ರಲ್ಲಿ ಕರಾಫಾ ಮನೆತನಕ್ಕೆ ಬಂತು. ಮುಂದೆ ಕೇಳುವವರಿಲ್ಲದೆ ಪಾಳು ಬಿತ್ತು, ಕುರುಬರು ತಂಗುವ ಜಾಗವಾಯಿತು, ಗೋಡೆಯ ಅಮೃತಶಿಲೆಯನ್ನು ಕಿತ್ತುಕೊಂಡು ಹೋದರು. 1876ರಲ್ಲಿ ಇಟಲಿ ಸರ್ಕಾರ 25,000 ಲೀರಾ ಕೊಟ್ಟು ಕೊಂಡುಕೊಂಡಿತು, 1996ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಈಗ ಒಳಗೆ ಹೋದರೆ ಕಾಣುವುದು ಬಹುಪಾಲು ಬೋಳು ಸುಣ್ಣದ ಕಲ್ಲು. ಅಲ್ಲಲ್ಲಿ ಬಾಗಿಲ ಚೌಕಟ್ಟಿನಲ್ಲಿ ಮಾತ್ರ ಹಳೆಯ ಕೆಂಪು ಕಲ್ಲು ಉಳಿದಿದೆ.