ಉತ್ತರ ಕೊಡಬೇಕೋ ಬೇಡವೋ: ಜ್ಞಾನೋಕ್ತಿಗಳು 26:4–5

ವಿವೇಕ, ಜ್ಞಾನ ಅನ್ನುವ ಎರಡು ಪದಗಳನ್ನು ಮೊದಲು ಬಿಡಿಸಿಕೊಳ್ಳೋಣ. ಕ್ರೈಸ್ತ ಬೋಧನೆಯ ನಾಲ್ಕು ಮೂಲ ಸದ್ಗುಣಗಳಲ್ಲಿ ಮೊದಲನೆಯದು ವಿವೇಕ. ಆಮೇಲೆ ನ್ಯಾಯ, ಸ್ಥೈರ್ಯ, ಮಿತಸಂಯಮ. ಪವಿತ್ರಾತ್ಮರ ಏಳು ವರಗಳಲ್ಲಿ ಬರುವ ಜ್ಞಾನ ಬೇರೆ. ಅದು ವರ, ಬೇಡಿ ಪಡೆಯುವುದು (ಬೈಬಲ್, ಯಾಕೋಬನ ಪತ್ರ 1:5). ವಿವೇಕವನ್ನು ದಿನದಿನದ ಕೆಲಸದಲ್ಲಿ ರೂಢಿಸಿಕೊಳ್ಳಬೇಕು.

ನಾನು ಎಡವಿದ್ದು ಬೈಬಲ್ಲಿನ ಜ್ಞಾನೋಕ್ತಿಗಳು ಪುಸ್ತಕದ 26ನೇ ಅಧ್ಯಾಯದಲ್ಲಿ. 4ನೇ ವಚನ: ಮೂಢನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ. 5ನೇ ವಚನ: ಕೊಡು. ಪಕ್ಕಪಕ್ಕದಲ್ಲೇ! ಅಚ್ಚಿನ ತಪ್ಪಿರಬಹುದು ಅಂತ ಅಮ್ಮನ ಹಳೇ ಬೈಬಲ್ಲನ್ನೂ ತೆಗೆದು ನೋಡಿದೆ. ಅಲ್ಲೂ ಹಾಗೇ ಇದೆ.

ಎರಡೂ ವಚನಗಳನ್ನು ಕೊನೆವರೆಗೆ ಓದಿದರೆ ಗಂಟು ಬಿಚ್ಚುತ್ತದೆ. 4ರ ಕಾರಣ: ಕೊಟ್ಟರೆ ನೀನೂ ಅವನಂತೆಯೇ ಆದೀಯ. 5ರ ಕಾರಣ: ಕೊಡದಿದ್ದರೆ ಅವನು ತನ್ನನ್ನೇ ಜ್ಞಾನಿ ಅಂದುಕೊಂಡಾನು. ಒಂದು ನನ್ನನ್ನು ಕಾಯುತ್ತದೆ, ಇನ್ನೊಂದು ಅವನನ್ನು. ಬಾಯಿ ತೆರೆಯುವ ಮೊದಲು ಎರಡೇ ಪ್ರಶ್ನೆ: ಈಗ ಮಾತಾಡಿದರೆ ನಾನೇನಾಗುತ್ತೇನೆ? ಸುಮ್ಮನಿದ್ದರೆ ಅವರೇನಾಗುತ್ತಾರೆ? ಇವತ್ತು ಯಾವ ವಚನ ಅನ್ನೋದನ್ನು ಪುಸ್ತಕ ಹೇಳುವುದಿಲ್ಲ, ಎದುರಿಗಿರುವವರನ್ನು ನೋಡಿಯೇ ತಿಳಿಯಬೇಕು.

ಇಲ್ಲಿ ಚಿಕ್ಕಮಗಳೂರಿನ ನಮ್ಮ ತೋಟದ ಕಣದ ಮಾತು ಬರೆಯಲೇಬೇಕು. ಹೋದ ವರ್ಷ ಚಿಕ್ಕಪ್ಪ ಕಾಫಿ ಚೆರ್ರಿ ಒಣಗಿದೆ, ಮೂಟೆ ಕಟ್ಟಿ ಅಂದರು. ಒಣಗಿಲ್ಲ ಅಂತ ಗೊತ್ತಿದ್ದೂ, ಜಗಳ ಬೇಡ ಅಂತ ಸುಮ್ಮನಿದ್ದೆ. ಎರಡು ಮೂಟೆ ಬೂಷ್ಟು ಹಿಡಿದವು. ಆ ಮೌನವನ್ನೇ ವಿವೇಕ ಅಂದುಕೊಂಡಿದ್ದೆ.

ಮಧ್ಯಯುಗದ ಕ್ರೈಸ್ತ ಚಿಂತಕ ಸಂತ ಥಾಮಸ್ ಅಕ್ವಿನಾಸ್ ವಿವೇಕದ ಕೆಲಸ ಮೂರು ಅನ್ನುತ್ತಾರೆ: ವಿಚಾರಿಸುವುದು, ತೀರ್ಮಾನಿಸುವುದು, ತೀರ್ಮಾನವನ್ನು ಕೆಲಸಕ್ಕೆ ಇಳಿಸುವುದು. ಮೂರನೆಯದೇ ಮುಖ್ಯ. ನಾನು ಎರಡಕ್ಕೇ ನಿಂತಿದ್ದೆ.

ಈ ಜನವರಿಯಲ್ಲಿ ಮತ್ತೆ ಅದೇ ಮಾತು ಬಂತು. ಸಿಟ್ಟು ಗಂಟಲವರೆಗೆ ಬಂದಿತ್ತು, ಆಳುಗಳೆಲ್ಲ ನೋಡುತ್ತಿದ್ದರು. ಆ ಹೊತ್ತಿಗೆ 4ನೇ ವಚನ. ಬಾಯಲ್ಲೇ ಒಂದು ಪರಲೋಕ ಮಂತ್ರ (ಯೇಸು ಕಲಿಸಿದ ಪ್ರಾರ್ಥನೆ) ಹೇಳಿಕೊಂಡೆ. ಆಳುಗಳು ಕಾಫಿ ಕುಡಿಯಲು ಹೋದ ಮೇಲೆ ಒಂದು ಹಿಡಿ ಚೆರ್ರಿ ತೆಗೆದು ಚಿಕ್ಕಪ್ಪನ ಕಿವಿ ಹತ್ತಿರ ಕುಲುಕಿದೆ. ಒಣಗಿದ್ದರೆ ಗಲಗಲ ಅನ್ನಬೇಕು. ಸದ್ದೇ ಇಲ್ಲ. "ಇನ್ನೆರಡು ಬಿಸಿಲು ಬೇಕಾ ನೋಡಿ, ಚಿಕ್ಕಪ್ಪ" ಅಂದೆ. ತಾವೇ ಒಂದು ಹಿಡಿ ತಗೊಂಡು ಕುಲುಕಿದರು. "ಹರವು" ಅಂದರು.

ಟಿಪ್ಪಣಿಯ ಅಂಚಿನಲ್ಲಿ "ಮೂಢ" ಪದದ ಎದುರಿಗೆ ಚಿಕ್ಕಪ್ಪ ಅಂತ ಬರೆದಿದ್ದೆ, ಹೊಡೆದುಹಾಕಿದ್ದೇನೆ. ಯಾಕೆ ಅಂತ ಅದೇ ಅಧ್ಯಾಯದ 12ನೇ ವಚನ ಓದಿದರೆ ಗೊತ್ತಾಗುತ್ತದೆ: ತನ್ನನ್ನೇ ಜ್ಞಾನಿ ಅಂದುಕೊಂಡವನಿಗಿಂತ ಮೂಢನ ಮೇಲೆ ಹೆಚ್ಚು ನಿರೀಕ್ಷೆ ಇಡಬಹುದಂತೆ.