ಡೆಂಗಿ ವಾಸಿಯಾಗಿ ಮೂರು ವಾರ: ಮೂಗಿನ ಸರ್ಜರಿ ಈಗ ಮಾಡಿಸಬಹುದಾ?

ಪ್ರಶ್ನೆ: ನನಗೆ 26 ವರ್ಷ. ಕಳೆದ ತಿಂಗಳು ಡೆಂಗಿ ಬಂದು ಆಸ್ಪತ್ರೆಗೆ ಸೇರಿದ್ದೆ. ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದಿತ್ತು, ಈಗ ಎರಡು ಲಕ್ಷ ದಾಟಿದೆ. ಜ್ವರ ಬರುವ ಮೊದಲೇ ಮೂಗಿನ ಆಕಾರ ಸರಿಪಡಿಸುವ ಸರ್ಜರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಎರಡು ತಿಂಗಳಲ್ಲಿ ಮದುವೆ. ಈಗ ಮಾಡಿಸಿಕೊಂಡರೆ ತೊಂದರೆ ಇದೆಯಾ?

ಉತ್ತರ: ಈಗ ಬೇಡ. ಮದುವೆಗೆ ಮುಂಚೆಯೇ ಬೇಡ ಎಂಬುದು ನನ್ನ ಸಲಹೆ.

ಡೆಂಗಿ ಬಂದವರನ್ನು ನೋಡಲು ಬರುವವರೆಲ್ಲ ಮೊದಲು ಕೇಳುವುದು 'ಪ್ಲೇಟ್‌ಲೆಟ್ ಎಷ್ಟಿದೆ' ಎಂದೇ. ಹೀಗಾಗಿ ಅದು ಏರಿದರೆ ಕಾಯಿಲೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಬೇಗ ಸುಧಾರಿಸುವುದೇ ಅದು. ಜ್ವರ ಶುರುವಾಗಿ ಒಂದು ವಾರ, ಹತ್ತು ದಿನಕ್ಕೆಲ್ಲ ಸಾಮಾನ್ಯವಾಗಿ ಮೇಲೇರತೊಡಗುತ್ತದೆ. ಲಿವರ್ ಅಷ್ಟು ಬೇಗ ಸರಿಹೋಗುವುದಿಲ್ಲ. ಡೆಂಗಿಯಲ್ಲಿ ಏರುವ ಲಿವರ್ ಕಿಣ್ವಗಳು ಕೆಲವರಲ್ಲಿ ವಾರಗಟ್ಟಲೆ ಹಾಗೇ ಉಳಿಯುತ್ತವೆ. ರಕ್ತ ಹೆಪ್ಪುಗಟ್ಟಲು ಬೇಕಾದ ಹೆಚ್ಚಿನ ಅಂಶಗಳು ತಯಾರಾಗುವುದು ಲಿವರ್‌ನಲ್ಲೇ. ಅರಿವಳಿಕೆಗೆ ಬಳಸುವ ಹಲವು ಔಷಧಿಗಳನ್ನು, ಸರ್ಜರಿ ನಂತರದ ನೋವಿಗೆ ಕೊಡುವ ಪ್ಯಾರಸಿಟಮಾಲ್ ಅನ್ನು ದೇಹದಿಂದ ಕರಗಿಸುವ ಕೆಲಸವೂ ಅದರದ್ದೇ. ಇನ್ನು ಮೂಗಿನ ಒಳಪದರದಲ್ಲಿ ರಕ್ತನಾಳಗಳು ದಟ್ಟವಾಗಿರುತ್ತವೆ. ರಕ್ತಸ್ರಾವದ ವಿಷಯದಲ್ಲಿ ಅಲ್ಲಿ ಅಂದಾಜಿನ ಮೇಲೆ ಹೋಗುವಂತಿಲ್ಲ.

ಹಾಗಾದರೆ ಎಷ್ಟು ದಿನ ಕಾಯಬೇಕು? ಡೆಂಗಿಗೆ ಎಲ್ಲರೂ ಒಪ್ಪಿದ ವಾರದ ಲೆಕ್ಕ ಇಲ್ಲ. ಕೋವಿಡ್ ವಿಷಯದಲ್ಲಿ ಅಂಥ ಲೆಕ್ಕ ಸಿಕ್ಕಿತ್ತು. 2020ರ ಅಕ್ಟೋಬರ್‌ನಲ್ಲಿ 116 ದೇಶಗಳ ಸುಮಾರು 1.4 ಲಕ್ಷ ಶಸ್ತ್ರಚಿಕಿತ್ಸೆಗಳನ್ನು ಗಮನಿಸಿದ ಅಧ್ಯಯನದಲ್ಲಿ, ಸೋಂಕೇ ಇಲ್ಲದವರಲ್ಲಿ ಮೂವತ್ತು ದಿನಗಳೊಳಗಿನ ಸಾವಿನ ಪ್ರಮಾಣ ಶೇ. 1.5ರಷ್ಟಿತ್ತು. ಸೋಂಕು ತಗುಲಿ ಆರು ವಾರದೊಳಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ಅದು ಶೇ. 4ರ ಆಸುಪಾಸಿಗೆ ಏರಿತ್ತು. ಏಳು ವಾರ ದಾಟಿದ ಮೇಲೆ ಮತ್ತೆ 1.5ಕ್ಕೆ ಇಳಿಯಿತು. ಆದರೆ ಏಳು ವಾರ ಕಳೆದರೂ ಕೆಮ್ಮು, ಏದುಸಿರಿನಂಥ ಲಕ್ಷಣ ಉಳಿದಿದ್ದವರಲ್ಲಿ ಶೇ. 6ರಷ್ಟಿತ್ತು. ಅದು ಲಸಿಕೆಗೂ ಮುಂಚಿನ ಕಾಲ, ವಯಸ್ಸಾದವರ ದೊಡ್ಡ ಆಪರೇಷನ್‌ಗಳೂ ಆ ಲೆಕ್ಕದಲ್ಲಿವೆ. ಅದನ್ನು 26ರ ಹರೆಯದವರ ಮೂಗಿಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ. ಕೋವಿಡ್‌ಗೂ ಆಮೇಲೆ ಕಾಯುವ ಅವಧಿಯನ್ನು ಕಡಿಮೆ ಮಾಡಿದರು. ನಾನು ಅದರಿಂದ ತೆಗೆದುಕೊಳ್ಳುವುದು ಇಷ್ಟೇ: ರಿಪೋರ್ಟ್ ಸರಿಹೋದ ದಿನವೇ ದೇಹ ಸರಿಹೋಗಿರುವುದಿಲ್ಲ, ಸುಸ್ತು ಉಳಿದಿದ್ದರೆ ಕ್ಯಾಲೆಂಡರ್ ನೋಡಿ ಪ್ರಯೋಜನವಿಲ್ಲ.

ಸಾದಾ ಫ್ಲೂ, ನೆಗಡಿಯನ್ನೂ ಹಗುರವಾಗಿ ನೋಡಬೇಡಿ. ವೈರಸ್ ಹೋದ ಮೇಲೂ ಎರಡರಿಂದ ಆರು ವಾರ ಶ್ವಾಸನಾಳ ಸೂಕ್ಷ್ಮವಾಗಿರುತ್ತದೆ. ಪೂರ್ತಿ ಅರಿವಳಿಕೆಯಲ್ಲಿ ಮೂಗಿನ ರಕ್ತ ಗಂಟಲಿಗೆ ಇಳಿದಾಗ ಧ್ವನಿಪೆಟ್ಟಿಗೆ ಹಠಾತ್ತನೆ ಬಿಗಿದುಕೊಳ್ಳುವ ಅಪಾಯ ಆಗ ಹೆಚ್ಚು. ದಿನ ತಪ್ಪೀತೆಂದು ಕೆಮ್ಮನ್ನು ಮುಚ್ಚಿಟ್ಟು ಆಪರೇಷನ್ ಟೇಬಲ್ ಹತ್ತುವವರಿದ್ದಾರೆ. ಅರಿವಳಿಕೆ ತಜ್ಞರಿಗೆ ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿಲ್ಲ.

ಆಸ್ಪತ್ರೆ ಸೇರುವಷ್ಟು ಡೆಂಗಿ ಬಂದಿದ್ದರಿಂದ ನೀವು ಕಡಿಮೆಯೆಂದರೂ ಆರರಿಂದ ಎಂಟು ವಾರ ಬಿಡುವುದು ಒಳ್ಳೆಯದು. ಆಮೇಲೆ ರಕ್ತದ ಪೂರ್ಣ ಎಣಿಕೆ, ಲಿವರ್ ಪರೀಕ್ಷೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ, ಸರ್ಜನ್ ಅಲ್ಲದೆ ಅರಿವಳಿಕೆ ತಜ್ಞರನ್ನೂ ಮುಂಚಿತವಾಗಿ ಕಾಣಿ. ಪ್ಲೇಟ್‌ಲೆಟ್‌ಗೆಂದು ಪಪ್ಪಾಯಿ ಎಲೆಯ ರಸವನ್ನೋ ಮಾತ್ರೆಯನ್ನೋ ಇನ್ನೂ ತೆಗೆದುಕೊಳ್ಳುತ್ತಿದ್ದರೆ ಹೇಳಿಬಿಡಿ. ಗಿಡಮೂಲಿಕೆ ಔಷಧಿಗಳನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಮದುವೆಯ ಲೆಕ್ಕ ಬೇರೆಯೇ ಇದೆ. ಪಟ್ಟಿ ತೆಗೆಯಲು ಸುಮಾರು ಒಂದು ವಾರ, ಕಣ್ಣಿನ ಕೆಳಗಿನ ಕಂದು ನೀಲಿ ಮಾಯವಾಗಲು ಎರಡು ವಾರ ಬೇಕು. ಬಾವು ಇಳಿಯಲು ತಿಂಗಳುಗಳು ಹಿಡಿಯುತ್ತವೆ, ಮೂಗಿನ ತುದಿಗೆ ಒಂದು ವರ್ಷವೂ ಆಗಬಹುದು. ಆರೋಗ್ಯವಾಗಿದ್ದವರಿಗೂ ಎರಡು ತಿಂಗಳು ಬಿಗಿ. ಅದರ ಮೇಲೆ ಅರಿಶಿನ ಶಾಸ್ತ್ರದಲ್ಲಿ ಹತ್ತಾರು ಕೈಗಳು ಮುಖ ಉಜ್ಜುತ್ತವೆ, ಮೂಗುತಿ ಹಾಕಲು ಎಳೆದಾಡುತ್ತಾರೆ. ಹೊಸದಾಗಿ ಜೋಡಿಸಿದ ಮೂಳೆಗೆ ಅದೆಲ್ಲ ಬೇಡ.

ನೀವು ಕೇಳಿಲ್ಲದ ಒಂದು ವಿಷಯ ಹೇಳಬೇಕು. ಡೆಂಗಿ ಬಂದು ಎರಡು ಮೂರು ತಿಂಗಳಿಗೆ ಕೂದಲು ಗಂಟುಗಂಟಾಗಿ ಉದುರಬಹುದು, ಅಂದರೆ ಸರಿಯಾಗಿ ನಿಮ್ಮ ಮದುವೆಯ ಹೊತ್ತಿಗೆ. ಗಾಬರಿಯಾಗಿ ಕೂದಲು ಕಸಿಯ ಜಾಹೀರಾತಿನ ಬೆನ್ನು ಹತ್ತಬೇಡಿ. ಜ್ವರದ ಆಘಾತಕ್ಕೆ ಬೇರುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿರುತ್ತವೆ, ಹೆಚ್ಚಿನವರಲ್ಲಿ ಆರು ತಿಂಗಳಲ್ಲಿ ತಾವಾಗಿ ಚಿಗುರುತ್ತವೆ. ಚಿಕೂನ್‌ಗುನ್ಯಾ ಬಂದವರ ಮೂಗಿನ ಮೇಲೆ ಕಪ್ಪು ಛಾಯೆ ಮೂಡುವುದೂ ಇದೇ ಜಾತಿಯದು. ಅದೂ ತಿಂಗಳುಗಳಲ್ಲಿ ತಿಳಿಯಾಗುವಂಥದ್ದು. ಅವಸರಕ್ಕೆ ಲೇಸರ್ ಮಾಡಿಸಿದರೆ ಕಲೆ ಇನ್ನಷ್ಟು ಗಾಢವಾಗುವ ಸಾಧ್ಯತೆ ಇದೆ.

ಅಡ್ವಾನ್ಸ್ ಬಗ್ಗೆ: ಡಿಸ್ಚಾರ್ಜ್ ಸಮ್ಮರಿ ತೋರಿಸಿ ದಿನ ಮುಂದೂಡಲು ಕೇಳಿ. 'ಏನೂ ಆಗಲ್ಲ, ಬನ್ನಿ' ಎಂದು ಫೋನಿನಲ್ಲೇ ಹೇಳುವ ಕ್ಲಿನಿಕ್ ಆದರೆ ಆ ದುಡ್ಡು ಬಿಟ್ಟುಬಿಡುವುದೇ ವಾಸಿ. ತುರ್ತು ಸಂದರ್ಭಕ್ಕೆ ಐಸಿಯು ಇದೆಯಾ ಎಂದೂ ಕೇಳಿ. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಂಡ ಯುವ ಕಿರುತೆರೆ ನಟಿ ತೀರಿಕೊಂಡಾಗ ಈ ಪ್ರಶ್ನೆಯೇ ಎದ್ದಿತ್ತು.

ಮುಂದೆ ಯಾವಾಗ ಮಾಡಿಸಿದರೂ, ಸರ್ಜರಿ ಆದ ವಾರದಲ್ಲಿ ಜ್ವರ ಬಂದರೆ ಗಾಯದ ಜ್ವರ ಎಂದು ಕೂರಬೇಡಿ, ಆ ದಿನವೇ ಸರ್ಜನ್‌ಗೆ ತಿಳಿಸಿ. ಡೆಂಗಿ ಎರಡನೇ ಸಲವೂ ಬರುತ್ತದೆ, ಆಗ ತೀವ್ರವಾಗುವ ಸಂಭವ ಹೆಚ್ಚು. ಡೆಂಗಿ ಪರೀಕ್ಷೆಯ ಫಲಿತಾಂಶ ಬರುವ ತನಕ ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ.