ಜ್ವರ ಇಳಿದ ಮೇಲೆ ಕೈಕೊಡುವ ಉಸಿರು

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ದಾಖಲಾಯಿತು. ಮುಂದಿನ ತಿಂಗಳುಗಳಲ್ಲಿ ಎಷ್ಟೋ ಮನೆಗಳಲ್ಲಿ ಕಾಯಿಲೆ ಒಂದೇ ಜಾಡು ಹಿಡಿಯಿತು: ಮೊದಲ ಐದಾರು ದಿನ ಜ್ವರ, ಮೈಕೈ ನೋವು, ಒಣಕೆಮ್ಮು; ಇನ್ನೇನು ವಾಸಿಯಾಯಿತು ಎನ್ನುವಷ್ಟರಲ್ಲಿ ಏದುಸಿರು. ಕೆಲವರಿಗಂತೂ ಏದುಸಿರೂ ಇರಲಿಲ್ಲ. ಹಾಸಿಗೆಯ ಮೇಲೆ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದಂತೆಯೇ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್‌ನಲ್ಲಿ ರಕ್ತದ ಆಮ್ಲಜನಕದ ಅಂಕಿ 94ರಿಂದ 90ಕ್ಕೆ, ಅಲ್ಲಿಂದ 86ಕ್ಕೆ ಇಳಿಯುತ್ತಿತ್ತು.

ಗಂಟಲಲ್ಲಿ ಶುರುವಾದ ಸೋಂಕು ಪ್ರಾಣಕ್ಕೇ ಎರವಾಗುವುದು ಹೇಗೆಂದು ವೈದ್ಯರು 1918ರಲ್ಲೂ ತಲೆ ಕೆಡಿಸಿಕೊಂಡಿದ್ದರು. ಆ ವರ್ಷದ ಜೂನ್‌ನಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ, ಸೆಪ್ಟೆಂಬರ್‌ನಿಂದ ಎರಡನೇ ಅಲೆಯಾಗಿ ಹಬ್ಬಿ, ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ಪಡೆಯಿತೆಂಬುದು ಅಂದಾಜು. ತುಟಿ, ಕಿವಿ, ಕೆನ್ನೆ ನೀಲಿಗಟ್ಟಿದ ರೋಗಿ ಉಳಿಯುವುದು ಅಪರೂಪವಾಗಿತ್ತು. ಜರ್ಮನಿಯ ವಿಜ್ಞಾನಿ ಫೈಫರ್ 1892ರಲ್ಲಿ ಗುರುತಿಸಿದ್ದ ಬ್ಯಾಕ್ಟೀರಿಯಾವೇ ಇದಕ್ಕೆ ಕಾರಣವೆಂದು ಹಲವರು ನಂಬಿದ್ದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಲಂಡನ್ನಿನ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 1933ರಲ್ಲಿ.

ಆದರೆ 1918ರ ವೈರಸ್ ಆಗಲೇ ಮಣ್ಣುಪಾಲಾಗಿತ್ತು. ಅದನ್ನು ಮಣ್ಣಿನಿಂದಲೇ ಹೊರತೆಗೆದ ಕಥೆ ನಿಜಕ್ಕೂ ರೋಮಾಂಚಕ. ಅಲಾಸ್ಕಾದ ಬ್ರೆವಿಗ್ ಮಿಷನ್ ಎಂಬ ಪುಟ್ಟ ಊರಿನಲ್ಲಿ 1918ರ ಕಾಯಿಲೆಗೆ ಬಲಿಯಾದವರ ಸಾಮೂಹಿಕ ಸಮಾಧಿಯನ್ನು ಯೋಹಾನ್ ಹುಲ್ಟಿನ್ ಎಂಬ ವಿಜ್ಞಾನಿ 1951ರಲ್ಲಿ ಅಗೆದು, ವೈರಸ್ ಸಿಗದೆ ಸೋತಿದ್ದರು. 1997ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಊರಿನವರ ಒಪ್ಪಿಗೆ ಪಡೆದು ಮತ್ತೆ ಅಗೆದಾಗ, ಹೆಪ್ಪುಗಟ್ಟಿದ ನೆಲದಲ್ಲಿ ಕೊಬ್ಬಿನ ಪದರದಿಂದಾಗಿ ಕೆಡದೆ ಉಳಿದಿದ್ದ ಮಹಿಳೆಯೊಬ್ಬರ ಶ್ವಾಸಕೋಶ ದೊರೆಯಿತು. ಅದರ ನೆರವಿನಿಂದ ಅಮೆರಿಕದ ವಿಜ್ಞಾನಿ ಜೆಫ್ರಿ ಟೌಬೆನ್‌ಬರ್ಗರ್ ತಂಡ 2005ರ ಹೊತ್ತಿಗೆ ವೈರಸ್‌ನ ಪೂರ್ಣ ಜೀನೋಮನ್ನು, ಅಂದರೆ ಅದರ ಇಡೀ ಆನುವಂಶಿಕ ಮಾಹಿತಿಯನ್ನು, ಓದಿತು, ಪ್ರಯೋಗಾಲಯದಲ್ಲಿ ವೈರಸ್ ಮರುಸೃಷ್ಟಿಯಾಯಿತು. 2007ರಲ್ಲಿ ಆ ವೈರಸ್ ತಗುಲಿದ ಕೋತಿಗಳ ಶ್ವಾಸಕೋಶ ಹಾಳಾದಾಗ, ಅದರಲ್ಲಿ ಅವುಗಳದೇ ರೋಗನಿರೋಧಕ ವ್ಯವಸ್ಥೆಯ ಹತೋಟಿ ತಪ್ಪಿದ ಪ್ರತಿಕ್ರಿಯೆಯ ಪಾಲು ದೊಡ್ಡದಿತ್ತು. ಹಾಗೆಂದು ಹಳೆಯ ವೈದ್ಯರು ಪೂರ್ತಿ ತಪ್ಪಿದ್ದರೆನ್ನಲಾಗದು: ಕಾಪಿಟ್ಟ ಶವಪರೀಕ್ಷೆಯ ಮಾದರಿಗಳನ್ನು ಮರಳಿ ನೋಡಿದ 2008ರ ಅಧ್ಯಯನದ ಪ್ರಕಾರ, ಹೆಚ್ಚಿನ ಸಾವುಗಳಲ್ಲಿ ವೈರಸ್ ಗಾಯಗೊಳಿಸಿದ ಶ್ವಾಸಕೋಶಕ್ಕೆ ಆಮೇಲೆ ನುಗ್ಗಿದ ಬ್ಯಾಕ್ಟೀರಿಯಾಗಳ ನ್ಯುಮೋನಿಯಾ ಸೇರಿಕೊಂಡಿತ್ತು.

ಕೋವಿಡ್‌ನಲ್ಲಿ ಬ್ಯಾಕ್ಟೀರಿಯಾದ ಪಾತ್ರ ಅಷ್ಟು ದೊಡ್ಡದಲ್ಲ. ಶ್ವಾಸಕೋಶದ ಕೋಟ್ಯಂತರ ಗಾಳಿಚೀಲಗಳನ್ನು ರಕ್ತದಿಂದ ಬೇರ್ಪಡಿಸುವ ಗೋಡೆ ಅತಿ ತೆಳು. ಆಮ್ಲಜನಕ ದಾಟುವುದು ಅದರ ಮೂಲಕವೇ. ಆ ಚೀಲಗಳು ಕುಸಿಯದಂತೆ ಕಾಯುವ ದ್ರವವನ್ನು ಒಸರಿಸುವ ಜೀವಕೋಶಗಳ ಮೇಲೆಯೇ ಎಸಿಇ2 ಎಂಬ ಗ್ರಾಹಕವಿದ್ದು, ವೈರಸ್‌ಗೆ ಅದು ಬಾಗಿಲಾಗುತ್ತದೆ. ಆರಂಭದಲ್ಲಿ ಎಚ್ಚರಿಕೆ ನೀಡಬೇಕಾದ ಇಂಟರ್‌ಫೆರಾನ್ ಎಂಬ ಪ್ರೋಟೀನ್ ದುರ್ಬಲವಾದರೆ ವೈರಸ್ ಹೆಚ್ಚುತ್ತದೆ. ತಡವಾಗಿ ಎದ್ದ ಪ್ರತಿರೋಧ ಮಿತಿಮೀರಿದರೆ ರಕ್ತನಾಳಗಳು ಸೋರಿ ಚೀಲಗಳಲ್ಲಿ ನೀರು ತುಂಬುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ತೀವ್ರವಾಗಿ ನರಳಿದವರಲ್ಲಿ ಸುಮಾರು ಶೇ 10ರಷ್ಟು ಮಂದಿಯ ದೇಹ ತನ್ನದೇ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯ ಹೊಂದಿತ್ತೆಂದು 2020ರಲ್ಲಿ ತಿಳಿದುಬಂತು.

ಅದೇ ವರ್ಷದ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಚಿಕಿತ್ಸಾ ಪ್ರಯೋಗ, ದೇಹದ ಪ್ರತಿರೋಧವನ್ನು ತಗ್ಗಿಸುವ ಅಗ್ಗದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು ತಗ್ಗಿಸಿತೆಂದು ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ ಎಂಬ ಮಾತೂ ಅಷ್ಟೇ ಮುಖ್ಯವಾಗಿತ್ತು. ವೈರಸ್ ಇನ್ನೂ ಬೆಳೆಯುತ್ತಿರುವ ದಿನಗಳಲ್ಲಿ ಪ್ರತಿರೋಧವನ್ನು ಕುಗ್ಗಿಸಿದರೆ ಅದಕ್ಕೇ ದಾರಿ ಬಿಟ್ಟಂತೆ. ಆ ಎರಡನೆಯ ಮಾತು ನಮ್ಮ ಊರುಕೇರಿಗಳಿಗೆ ಸರಿಯಾಗಿ ತಲುಪಲಿಲ್ಲವೆಂಬುದು ಇಂದಿಗೂ ನೋಯಿಸುತ್ತದೆ. 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ಕೂಡಲೇ ಸ್ಟೀರಾಯ್ಡ್ ನುಂಗಿದವರಿದ್ದರು. ಸಕ್ಕರೆ ಕಾಯಿಲೆಯೂ ಇದ್ದವರಲ್ಲಿ ರಕ್ತದ ಸಕ್ಕರೆ ಏರಿ, ಬ್ಲ್ಯಾಕ್ ಫಂಗಸ್ ಎಂಬ ಶಿಲೀಂಧ್ರ ಸೋಂಕು ಹಿಡಿದು, ಕೋವಿಡ್‌ನಿಂದ ಪಾರಾದ ಕೆಲವರು ಕಣ್ಣು ಕಳೆದುಕೊಂಡು ಮನೆಗೆ ಮರಳಿದರು.